ಕಾಫಿ ವ್ಯಾನಿನ ಹಿಂದಿನ ಜನ್ಮ

ಆ ವ್ಯಾನಿನ ನೆಲದ ಮೇಲೆ ನಾನು ಒಂದು ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದ್ದೆ. ಈಗಲೂ ಅದನ್ನು ನೆನೆದರೆ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿದಂತಾಗುತ್ತದೆ.

ಸಿಡ್ನಿಯ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿದ್ದವಳು ನಾನು. ನಮ್ಮ ಇಡೀ ತಂಡವನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದಾಗ ನನಗೆ ಐವತ್ತರ ಹತ್ತಿರ. ಮತ್ತೆ ಇಂಟರ್‌ವ್ಯೂಗಳಿಗೆ ಅಲೆಯುವ ಮನಸ್ಸಾಗಲಿಲ್ಲ. ಬಹಳ ಕಾಲದಿಂದ ತಲೆಯಲ್ಲಿ ಒಂದು ಆಸೆ ಕೂತಿತ್ತು. ಒಂದು ವ್ಯಾನ್ ಕೊಳ್ಳಬೇಕು, ಅದರ ಒಂದು ಮಗ್ಗುಲು ಕೊಯ್ಸಿ ಕಿಟಕಿ ಮಾಡಿಸಬೇಕು, ಒಳಗೆ ಮೆಷಿನ್ ಇಟ್ಟು ಮಕ್ಕಳು ಆಡುವ ಮೈದಾನಗಳ ಹತ್ತಿರ ಕಾಫಿ ಮಾರಬೇಕು. ಬರೀ ಇಲ್ಲಿಯವರು ಕುಡಿಯುವ ಫ್ಲ್ಯಾಟ್ ವೈಟ್ ಅಲ್ಲ, ನಮ್ಮ ಡಿಕಾಕ್ಷನ್ ಕಾಫಿಯೂ ಇರಬೇಕು. ನಾವಿರುವ ಕ್ವೇಕರ್ಸ್ ಹಿಲ್‌ನಲ್ಲಿ, ಪಕ್ಕದ ದಿ ಪಾಂಡ್ಸ್‌ನಲ್ಲಿ ಅದಕ್ಕಾಗಿ ಹಂಬಲಿಸುವವರು ಎಷ್ಟು ಜನರೆಂದು ನನಗೆ ಗೊತ್ತಿತ್ತು.

"ಮನೆ ಸಾಲದ ಮಾರ್ಟ್‌ಗೇಜ್ ಇನ್ನೂ ಇದೆ, ನೆನಪಿದೆ ತಾನೆ?" ಎಂದು ನನ್ನ ಗಂಡ ಒಂದೇ ಸಲ ಕೇಳಿದರು. ಆಮೇಲೆ ಅವರೇ ಲ್ಯಾಪ್‌ಟಾಪ್ ತೆಗೆದು ವ್ಯಾನ್ ಹುಡುಕಲು ಕೂತರು.

ವ್ಯಾನ್ ಸಿಕ್ಕಿದ್ದು ಮೆಲ್ಬರ್ನ್‌ನಲ್ಲಿ, ಬಾಕ್ಸ್ ಹಿಲ್ ಹತ್ತಿರ. ಇಬ್ಬರೂ ಬೆಳಗಿನ ಫ್ಲೈಟ್ ಹಿಡಿದು ಹೋದೆವು. ಉದ್ದನೆಯ ಬಿಳಿ ವ್ಯಾನು, ಒಂದು ತೂತಿಲ್ಲ, ತುಕ್ಕಿಲ್ಲ. ಒಳಗೆ ಆಸ್ಪತ್ರೆಯ ಫಿನಾಯಿಲಿನಂಥ ವಾಸನೆ ಸಣ್ಣಗೆ ಇತ್ತು. ಕೆಲಸದಿಂದ ನಿವೃತ್ತಿ ತಗೊಳ್ಳುತ್ತಿದ್ದೇನೆ ಎಂದ ಮಾಲೀಕ, ನೀಟಾಗಿ ಇಸ್ತ್ರಿ ಮಾಡಿದ ಶರ್ಟಿನ ಬಿಳಿಯ ಮನುಷ್ಯ. ಏನು ಕೆಲಸ ಎಂದು ಕೇಳಿದಾಗ "ಪ್ರೈವೇಟ್ ಟ್ರಾನ್ಸ್‌ಫರ್" ಎಂದ. ಏರ್‌ಪೋರ್ಟಿನಿಂದ ಹೋಟೆಲಿಗೆ ಜನರನ್ನು ಬಿಡುವ ಕೆಲಸವಿರಬೇಕು ಎಂದುಕೊಂಡೆವು. ವ್ಯಾನ್ ಜರ್ಕ್ ಹೊಡೆಯುತ್ತದೆಯೇ ಎಂದು ನನ್ನ ಗಂಡ ವಿಚಾರಿಸಿದರೆ, ಅವನು ಮುಗುಳ್ನಕ್ಕು, ಹಿಂದೆ ಪ್ರಯಾಣ ಮಾಡಿದವರು ಒಬ್ಬರೂ ಇದುವರೆಗೆ ದೂರು ಕೊಟ್ಟಿಲ್ಲ ಎಂದ. ನಾವಿಬ್ಬರೂ ಅವನ ಜೊತೆ ನಕ್ಕೆವು.

ಬಾಕ್ಸ್ ಹಿಲ್‌ನಲ್ಲೇ ನಮ್ಮ ಚಿಕ್ಕಮ್ಮನ ಮನೆ. ಚಿಕ್ಕಪ್ಪ, ನನ್ನ ತಂದೆಯ ತಮ್ಮ, ಮೈಸೂರಿನಿಂದ ಬಂದು ಇಲ್ಲಿ ಇಡೀ ಜೀವನ ಡಾಕ್ಟರಾಗಿದ್ದವರು. ನಾನು ಮೊದಲ ಸಲ ಈ ದೇಶದಲ್ಲಿ ಇಳಿದಾಗ, ನನ್ನ ಹಲ್ಲು ಚಳಿಗೆ ಕಟಕಟ ಎನ್ನುವುದನ್ನು ನೋಡಿ ತಮ್ಮ ಕೋಟು ಬಿಚ್ಚಿ ಹೊದಿಸಿ ಕರೆದುಕೊಂಡು ಹೋದವರು. ಲಾಕ್‌ಡೌನ್ ಕಾಲದಲ್ಲಿ ಕ್ಯಾನ್ಸರ್‌ನಿಂದ ಮನೆಯಲ್ಲೇ ತೀರಿಕೊಂಡರು. ರಾಜ್ಯಗಳ ಗಡಿ ಮುಚ್ಚಿತ್ತು, ನಾನು ಹೋಗಲಾಗಲಿಲ್ಲ. ಅವರ ಅಂತ್ಯಕ್ರಿಯೆಯನ್ನು ನಮ್ಮ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆ. ಮುಖ್ಯವಾದ ಹೊತ್ತಿನಲ್ಲಿ ಚಿತ್ರ ನಿಂತುಹೋಯಿತು. ಮತ್ತೆ ಬಂದಾಗ ಎಲ್ಲ ಮುಗಿದು, ಮಾಸ್ಕ್ ಹಾಕಿದ ಚಿಕ್ಕಮ್ಮ ಒಬ್ಬರೇ ಕುರ್ಚಿಯಲ್ಲಿ ಕೂತಿದ್ದರು.

ಆ ದಿನ ಹೊಸ ವ್ಯಾನನ್ನು ಅವರ ಗೇಟಿನ ಮುಂದೆಯೇ ನಿಲ್ಲಿಸಿ, ಊಟಕ್ಕೆ ಬಂದಿದ್ದೇವೆ ಎಂದು ಬೆಲ್ ಒತ್ತಿದೆವು. ಚಿಕ್ಕಮ್ಮ ಬಾಗಿಲು ತೆಗೆದು ನನ್ನ ಭುಜದಾಚೆಗೆ ರಸ್ತೆಯನ್ನು ನೋಡಿದರು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹೇಗಿದೆ ಚಿಕ್ಕಮ್ಮ ನನ್ನ ಕಾಫಿ ಅಂಗಡಿ?" ಎಂದು ನಾನು ಕುಣಿದೆ.

"ಬನ್ನಿ, ಹುಳಿ ಆರೋಗತ್ತೆ," ಎಂದಷ್ಟೇ ಹೇಳಿ ಒಳಗೆ ಹೋದರು. ಬಡಿಸಿದರು, ತಾವು ಕೂರಲಿಲ್ಲ. ನಾವು ಹೊರಟಾಗ ಮಂಡಿ ನೋವೆಂದು ಗೇಟಿನವರೆಗೂ ಬರಲಿಲ್ಲ. ವಯಸ್ಸಾಯಿತು ಎಂದುಕೊಂಡು ನಾನು ಕೈ ಬೀಸಿದೆ.

ವ್ಯಾನ್ ಓಡಿಸಿಕೊಂಡು ಸಿಡ್ನಿಗೆ ವಾಪಸಾಗುವ ದಾರಿಯಲ್ಲಿ, ಆಲ್ಬರಿ ಎಂಬ ಊರು ದಾಟಿದ ಮೇಲೆ, ಮರುದಿನ ಮಧ್ಯಾಹ್ನ, ಹೈವೇ ಪಕ್ಕದ ಒಂದು ರೆಸ್ಟ್ ಏರಿಯಾದಲ್ಲಿ ಊಟ ಮಾಡಿದೆವು. ಗಂಡ ಡ್ರೈವರ್ ಸೀಟಿನಲ್ಲೇ ತೂಕಡಿಸಿದರು. ನಾನು ಹಿಂದೆ ಹೋಗಿ, ಪ್ಲೈವುಡ್ ನೆಲದ ಮೇಲೆ ಶಾಲು ಹಾಸಿ, ನೇರ ಅಂಗಾತ ಮಲಗಿದೆ. ಕೆಲಸ ಹೋದ ಮೇಲೆ ಅಂಥ ನಿದ್ದೆ ನನಗೆ ಬಂದಿರಲಿಲ್ಲ.

ಮುಂದಿನ ವಾರ ಕಿಟಕಿ ಕೊಯ್ಸಲು ವ್ಯಾನನ್ನು ಒಂದು ವರ್ಕ್‌ಶಾಪಿಗೆ ಬಿಟ್ಟೆವು. ಅಲ್ಲಿಯವನು ನೀರಿನ ಟ್ಯಾಂಕ್ ಕೂರಿಸಲು ಪ್ಲೈವುಡ್ ಕಿತ್ತವನೇ ಫೋನ್ ಮಾಡಿ ಬರಹೇಳಿದ. ಹೋದೆವು. ನೆಲದ ಉದ್ದಕ್ಕೂ ಸ್ಟೀಲಿನ ಸಣ್ಣ ಸಣ್ಣ ರೋಲರುಗಳು, ಎರಡೂ ಪಕ್ಕದಲ್ಲಿ ಪಟ್ಟಿ ಬಿಗಿಯುವ ಕೊಂಡಿಗಳು.

"ಬ್ರೆಡ್ ಟ್ರೇ ಜಾರ್ಸೋದಕ್ಕೇನೋ," ಎಂದರು ನನ್ನ ಗಂಡ.

ವರ್ಕ್‌ಶಾಪಿನವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇದು ಹೆಣ ಸಾಗಿಸುವ ವ್ಯಾನು, ನಿಮಗೆ ಯಾರೂ ಹೇಳಲಿಲ್ಲವೇ ಎಂದು ಮೆತ್ತಗೆ ಇಂಗ್ಲಿಷಿನಲ್ಲಿ ಕೇಳಿದ.

ನಾನು ಏನು ಮಾತಾಡಿದೆನೋ ನೆನಪಿಲ್ಲ. ಕೈ ಹಿಂದಕ್ಕೆ ಹೋಗಿ ಬೆನ್ನನ್ನು ಉಜ್ಜಿಕೊಳ್ಳುತ್ತಿತ್ತು, ಅದು ನೆನಪಿದೆ. ಗಂಡ ಅಲ್ಲಿಂದಲೇ ವ್ಯಾನಿನ ಹಳೆಯ ಮಾಲೀಕನಿಗೆ ಫೋನ್ ಮಾಡಿ ಕೂಗಾಡಿದರು. ಅವನು ಶಾಂತವಾಗಿ, ಹೌದು, ತೀರಿಕೊಂಡವರನ್ನು ಮನೆಯಿಂದ ಕರೆದೊಯ್ಯುವ ಕೆಲಸ, ಟ್ರಾನ್ಸ್‌ಫರ್ ಎಂದು ಹೇಳಿದ್ದೆನಲ್ಲ ಎಂದ. ಅವನ ದನಿಯಲ್ಲಿ ಮೋಸವಿರಲಿಲ್ಲ. ಎಲ್ಲರಿಗೂ ಆ ಮಾತು ತಿಳಿಯುತ್ತದೆ ಎಂದೇ ಅವನು ನಂಬಿದ್ದ. ಹಿಂದೆ ಪ್ರಯಾಣ ಮಾಡಿದವರು ಯಾರೂ ದೂರು ಕೊಟ್ಟಿಲ್ಲ ಎಂಬ ಅವನ ತಮಾಷೆ ನನಗೆ ಆಗ ಅರ್ಥವಾಯಿತು.

ಮನೆಗೆ ಬಂದು, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕೆನಿಸಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಚಿಕ್ಕಮ್ಮ, ನಾವು ತಗೊಂಡ್ವಲ್ಲ ವ್ಯಾನು, ಅದು..."

"ಗೊತ್ತು," ಎಂದರು.

"ಏನು ಗೊತ್ತು?"

"ನಿಮ್ಮ ಚಿಕ್ಕಪ್ಪನ್ನ ಕರ್ಕೊಂಡು ಹೋಗಿದ್ದು ಅದೇ ವ್ಯಾನಲ್ಲಿ."

ಬೇರೆ ವ್ಯಾನಿರಬಹುದು, ಬಿಳಿ ವ್ಯಾನುಗಳೆಲ್ಲ ಒಂದೇ ಥರ ಇರುತ್ತವೆ ಎಂದೆ.

"ಆ ನಂಬರ್ ಪ್ಲೇಟ್ ನಾನು ಸಾಯೋವರೆಗೂ ಮರೆಯಲ್ಲ ಕಣೆ. ಯಾರೂ ಜೊತೆಗೆ ಬರೋ ಹಾಗಿಲ್ಲ ಅಂದ್ರು. ಗೇಟಲ್ಲಿ ನಿಂತು ಅದು ಟರ್ನ್ ಆಗೋವರೆಗೂ ಅದನ್ನೇ ನೋಡ್ತಿದ್ದೆ. ಇನ್ನೇನಿತ್ತು ನೋಡೋಕೆ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ತಗೊಂಡಾಗಿತ್ತು. ನೀನು ಮಗು ಥರ ಕುಣೀತಿದ್ದೆ. ಬಾಯಿ ಬರ್ಲಿಲ್ಲ." ಆಮೇಲೆ ಹೇಳಿದರು: "ಇಟ್ಕೋತೀಯೋ ಮಾರ್ತೀಯೋ ನಿನ್ನಿಷ್ಟ. ಇನ್ನೊಂದ್ಸಲ ಮಾತ್ರ ಅದನ್ನ ನನ್ನ ಮನೆ ಮುಂದೆ ತರ್ಬೇಡ."

ಮಾರುವುದೆಂದೇ ತೀರ್ಮಾನವಾಯಿತು. ಕಿಟಕಿ ಕೊಯ್ಯದ ವ್ಯಾನನ್ನು ವಾಪಸ್ ತಂದು ಡ್ರೈವ್‌ವೇನಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದೆವು. ನಡುಮನೆಯಿಂದ ಅದು ಕಾಣುತ್ತದೆಂದು ನಾನು ಹಗಲಲ್ಲೂ ಪರದೆ ಎಳೆದಿರುತ್ತಿದ್ದೆ. ಅಂಗಾತ ಮಲಗಲು ಆಗುತ್ತಿರಲಿಲ್ಲ, ಮಗ್ಗುಲಾಗಿ ಮುದುಡಿ ಮಲಗುತ್ತಿದ್ದೆ. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಮಗಳು, "ಅಮ್ಮಾ, ಇಟ್ಸ್ ಜಸ್ಟ್ ಎ ವ್ಯಾನ್," ಎಂದಳು. ನಾನು ಪರದೆಯ ಸಂದಿಯನ್ನು ಇನ್ನಷ್ಟು ಮುಚ್ಚಿದೆ.

ಕೊಳ್ಳುವವರಿಗೆ ತೋರಿಸಲು ಒಳಗಿನ ಫೋಟೋ ಬೇಕಾಯಿತು. ಒಂದು ಬೆಳಿಗ್ಗೆ ಟಾರ್ಪಾಲು ಸರಿಸಿ, ಬಕೆಟ್ಟು ಬಟ್ಟೆ ಹಿಡಿದು ಒಳಗೆ ಹತ್ತಿದೆ. ರೋಲರುಗಳನ್ನು ಒರೆಸುತ್ತ ಒರೆಸುತ್ತ, ಚಿಕ್ಕಪ್ಪ ಇಲ್ಲಿ ಮಲಗಿದ್ದರು ಎಂದು ತಿಳಿದಿದ್ದ ಮನಸ್ಸಿಗೆ ಇದ್ದಕ್ಕಿದ್ದಂತೆ ಇನ್ನೊಂದು ಹೊಳೆಯಿತು. ಅವರ ಕೊನೆಯ ಪ್ರಯಾಣಕ್ಕೆ ನಾನು ಇಷ್ಟು ಹತ್ತಿರ ಬರುವುದು ಇದೊಂದೇ ಕಡೆ. ಒಂದು ಹೂವು ಹಾಕಿರಲಿಲ್ಲ, ಕಾಲು ಮುಟ್ಟಿರಲಿಲ್ಲ. ನಿಂತುಹೋದ ಲ್ಯಾಪ್‌ಟಾಪ್ ಪರದೆಯ ಮುಂದೆ ಅತ್ತಿದ್ದೂ ಅರ್ಧಕ್ಕೆ ನಿಂತಿತ್ತು. ಆ ಅಳು ಉಳಿದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅದು ಬಂದ ರಭಸಕ್ಕೆ ನಾನೇ ಹೆದರಿದೆ. ರೋಲರಿನ ಮೇಲೆ ಹಣೆ ಇಟ್ಟು, ಬೀದಿಗೆ ಕೇಳುವಂತೆ ಅತ್ತೆ.

ಗಂಡ ಓಡಿ ಬಂದರು. ಹೆಣದ ವ್ಯಾನು ಮನೆ ಮುಂದೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದವರು ಅವರೇ. ಹತ್ತಿ ಬಂದು ನನ್ನ ಪಕ್ಕ ಕೂತರು. ನನ್ನ ಅಳು ತಗ್ಗಿದ ಮೇಲೆ ವ್ಯಾನಿನ ಗೋಡೆಯನ್ನು ಬೆರಳಿನಿಂದ ತಟ್ಟಿ, "ಕಿಟಕಿ ಎಲ್ಲಿ ಬರ್ಬೇಕು ಅಂದಿದ್ದೆ?" ಎಂದು ಕೇಳಿದರು.

ತೋರಿಸಿದೆ.

ಆ ಚಳಿಗಾಲ ಮುಗಿಯುವಷ್ಟರಲ್ಲಿ ಕಿಟಕಿ ಬಂತು, ಎರಡು ಸಿಂಕ್ ಬಂದವು, ಊರಾಡಳಿತದ ಕೌನ್ಸಿಲ್‌ನವರು ಬಂದು ನೋಡಿ ಒಪ್ಪಿಗೆ ಕೊಟ್ಟರು. ರೋಲರುಗಳನ್ನು ಬಿಚ್ಚಿ, ನೆಲಕ್ಕೆ ಹೊಸ ಶೀಟು ಹಾಕಿಸಿದೆವು. ಮೊದಲ ಶನಿವಾರ ದಿ ಪಾಂಡ್ಸ್‌ನ ಮೈದಾನದ ಪಕ್ಕದಲ್ಲಿ ನಿಂತು ಹಾಲು ಬಿಸಿ ಮಾಡಲು ಸ್ಟೀಮ್ ಬಿಟ್ಟಾಗ, ಆ ಬುಸ್ ಎನ್ನುವ ಸದ್ದಿಗೆ ನಾನು ಬೆಚ್ಚಿ ಜಗ್ ಬೀಳಿಸಿದೆ. ಕಿಟಕಿಯಾಚೆ ನಿಂತಿದ್ದ ಕನ್ನಡದ ಹುಡುಗಿ "ಪರ್ವಾಗಿಲ್ಲ ಆಂಟಿ, ನಿಧಾನ," ಎಂದಳು. ಅವಳೇ ನನ್ನ ಮೊದಲ ಗಿರಾಕಿ.

ಮರುವರ್ಷ ಚಿಕ್ಕಮ್ಮ ನಮ್ಮ ಮಗಳ ಗ್ರ್ಯಾಜುಯೇಷನ್‌ಗೆಂದು ಸಿಡ್ನಿಗೆ ಬಂದರು. ವ್ಯಾನ್ ಇಟ್ಟುಕೊಂಡದ್ದು ಅವರಿಗೆ ಗೊತ್ತಿತ್ತು, ಆದರೂ ಕಣ್ಣಿಗೆ ಬೀಳಬಾರದೆಂದು ಅದನ್ನು ಹಿಂದಿನ ಬೀದಿಯ ಸ್ನೇಹಿತರ ಮನೆ ಮುಂದೆ ಬಚ್ಚಿಟ್ಟಿದ್ದೆ. ಶನಿವಾರ ಬೆಳಿಗ್ಗೆ ನಾನು ಸದ್ದಿಲ್ಲದೆ ಹೊರಡುತ್ತಿದ್ದರೆ, ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿ ನಿನ್ನ ವ್ಯಾನು? ತೋರ್ಸು."

ತಂದು ನಿಲ್ಲಿಸಿದೆ. ನನ್ನ ಕೈ ಹಿಡಿದು ಹತ್ತಿದರು. ಮೆಷಿನ್, ಫ್ರಿಜ್, ಕಪ್ಪುಗಳ ಸಾಲು, ಯಾವುದನ್ನೂ ನೋಡಲಿಲ್ಲ. ನೆಲ ನೋಡಿದರು.

"ತಲೆ ಯಾವ ಕಡೆ ಬರತ್ತೆ?"

ತಲೆ ಡ್ರೈವರ್ ಕಡೆಗೆ ಬರುತ್ತದೆಂದು ವರ್ಕ್‌ಶಾಪಿನವನು ಹೇಳಿದ್ದು ನೆನಪಿತ್ತು. ಮೆಷಿನ್ ಇರುವ ಮೂಲೆ ತೋರಿಸಿದೆ. ಚಿಕ್ಕಮ್ಮ ಅಲ್ಲಿಗೆ ಹೋಗಿ, ಹೊರಡುವಷ್ಟರಲ್ಲಿ ಕಾದಿರಲೆಂದು ನಾನು ನಸುಕಿನಲ್ಲೇ ಆನ್ ಮಾಡಿ ಬಂದಿದ್ದ ಮೆಷಿನ್ನಿನ ಬಿಸಿ ಮೈ ಮೇಲೆ ಅಂಗೈ ಇಟ್ಟರು, ಚುರ್ ಎಂದಿರಬೇಕು, ತಕ್ಷಣ ತೆಗೆದರು.

"ಜುಲೈ ತಿಂಗಳು, ಇಲ್ಲಿ ಕೊರೆಯೋ ಚಳಿ," ಎಂದರು. "ಕರ್ಕೊಂಡು ಹೋಗೋಕೆ ಬಂದೋರು ಬೇಡ ಅಂದ್ರು. ನಾನು ಬಿಡ್ಲಿಲ್ಲ. ಅವರ ಕೈ ಮಡಿಸಕ್ಕೆ ಬರ್ತಿರ್ಲಿಲ್ಲ, ಆದ್ರೂ ಸ್ವೆಟರ್ ಹಾಕೇ ಕಳ್ಸಿದೆ."

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅವರೇ ಇಳಿದು, ನೇರ ಒಳಗೆ ಹೋಗಿ ತಲೆಗೆ ಸ್ನಾನ ಮಾಡಿದರು. ಬಚ್ಚಲಿನಿಂದ ನೀರು ಸುರಿಯುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ನಾನು ಮೈದಾನಕ್ಕೆ ಹೊರಟೆ.

ಮಧ್ಯಾಹ್ನ ವಾಪಸ್ ಬಂದಾಗ ಚಿಕ್ಕಮ್ಮ ಒದ್ದೆ ಕೂದಲು ಹರಡಿಕೊಂಡು ಬಿಸಿಲಿಗೆ ಕೂತಿದ್ದರು. ಒಲೆಯ ಮೇಲೆ ಉಪ್ಪಿಟ್ಟು ಮುಚ್ಚಿಟ್ಟಿತ್ತು.

"ಎಲ್ಲಾ ಖರ್ಚಾಯ್ತಾ?" ಎಂದು ಕೇಳಿದರು.

"ಡಿಕಾಕ್ಷನ್ ಸಾಲ್ಲಿಲ್ಲ ಚಿಕ್ಕಮ್ಮ. ಹನ್ನೊಂದಕ್ಕೆಲ್ಲಾ ಮುಗ್ದೋಯ್ತು."

"ನಾಳೆಗೆ ಜಾಸ್ತಿ ಹಾಕು ಮತ್ತೆ," ಎಂದು ಕೂದಲು ಕೊಡವಿಕೊಂಡರು.