ಭೋಂಗಾ ಕೇಳುವಷ್ಟು ದೂರ

ಕೂಸು ಉಸಿರು ಒಳಗೆಳೆದದ್ದು ಕೇಳಿಸಿತು, ಬಿಟ್ಟದ್ದು ಕೇಳಿಸಲಿಲ್ಲ. ಮುರಿಗೆವ್ವ ಹಿಟ್ಟಿನ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು, ತೊಟ್ಟಿಲಿಗೆ ಬಗ್ಗಿ, ಚನ್ನಿಯ ಮೂಗಿನ ಕೆಳಗೆ ಬೆರಳು ಹಿಡಿದಳು. ಬೆಚ್ಚನೆಯ ಗಾಳಿ ತಾಗಿತು. ಸಮಾಧಾನ ಮಾತ್ರ ಆಗಲಿಲ್ಲ. ಮತ್ತೆ ಬಂದು ಕೂತು ರೊಟ್ಟಿ ಬಡಿಯತೊಡಗಿದರೆ ಮತ್ತೆ ಅದೇ ಅನುಮಾನ. ಹೀಗೆ ಏಳುತ್ತ ಕೂಡುತ್ತ ಅವಳ ರೊಟ್ಟಿಗಳೆಲ್ಲ ಒಂದು ಮಗ್ಗುಲು ಕರಕಾಗುತ್ತಿದ್ದವು.

"ಏನ ಬೇ ಮುರಿಗೆವ್ವಾ, ರೊಟ್ಟಿ ಸುಡಾಕತ್ತೀಯೋ, ಇದ್ದಲಿ ಮಾಡಾಕತ್ತೀಯೋ?" ಮಗ್ಗುಲ ಖೋಲಿಯ ರಾಜಬಿ ಗೋಡೆಯಾಚೆಯಿಂದಲೇ ಕೂಗಿದಳು.

"ಕೂಸಿನ ಉಸಿರು ನೋಡಾಕ ಎದ್ದಿದ್ನಿ ರಾಜಕ್ಕಾ."

"ಉಸಿರೇನ್ ಹಾಲೇನ, ಉಕ್ಕೀತಂತ ಕಾಯಾಕ? ನಾಕ ಹಡದೀನಿ ನಾ, ಒಂದರ ಉಸಿರೂ ಎಣಿಸಿಲ್ಲ."

ರಾಜಬಿಯ ನಗೆಗೆ ಮುರಿಗೆವ್ವ ನಗಲಿಲ್ಲ. ವಿಜಾಪುರದ ಜೋರಾಪುರ ಪೇಟೆಯಲ್ಲಿ ಹುಟ್ಟಿ, ಮುಲ್ಕಿ ಪರೀಕ್ಷೆ ಪಾಸಾಗಿ, ಪತ್ರಿಕೆ ಓದುವ ಹೆಣ್ಣು ಎನಿಸಿಕೊಂಡವಳು ಅವಳು. ಓದಿದ್ದರಿಂದ ಆದ ಲಾಭವೆಂದರೆ ಹೆದರಲಿಕ್ಕೆ ಒಂದಿಷ್ಟು ಹೆಚ್ಚಿನ ಕಾರಣಗಳು ಗೊತ್ತಿದ್ದವು, ಅಷ್ಟೆ.

ಅವರಿದ್ದದ್ದು ಅದೇ ಊರಿನ ಸೊಲ್ಲಾಪುರ ರಸ್ತೆಯ ಒಂದು ಹತ್ತಿ ಜಿನ್ನಿನ ಚಾಳದಲ್ಲಿ. ಜಿನ್ನಿನ ಮಾಲಕರಿಗೆ ಫುಟ್‌ಬಾಲಿನ ಹುಚ್ಚು. ಹನ್ನೊಂದು ಮಂದಿಯನ್ನು ಸಂಬಳ ಕೊಟ್ಟು ಸಾಕಿದ್ದರು. ಹೆಸರಿಗೆ ಒಬ್ಬ ತೂಕದ ಗುಮಾಸ್ತ, ಒಬ್ಬ ಗೇಟಿನ ಕಾವಲುಗಾರ. ಎಲ್ಲರ ಕೆಲಸವೂ ಚೆಂಡು ಒದೆಯುವುದೇ. ಮುಂಬಯಿಯಿಂದ ಹತ್ತಿ ಕೊಳ್ಳುವವರು ಬಂದಾಗಲೆಲ್ಲ ಅವರಿಗೆ ಚಹಾದ ಜೊತೆ ಆಟವನ್ನೂ ಕೊಡಬೇಕು. ಅದಕ್ಕೊಂದು ಕಾಯಿದೆ ಇತ್ತು. ಜಿನ್ನಿನ ಸೈರನ್, ಅವರ ಬಾಯಲ್ಲಿ ಭೋಂಗಾ, ಒಂದು ಸಲ ಕೂಗಿದರೆ ಆಳುಗಳ ಪಾಳಿ. ಎರಡು ಸಲ ಕೂಗಿದರೆ ಆಟಗಾರರು ಉಣ್ಣುತ್ತಿದ್ದ ತಾಟು ಬಿಟ್ಟು ಮೈದಾನಕ್ಕೆ ಬರಬೇಕು. ಆದ್ದರಿಂದ ಭೋಂಗಾ ಕೇಳುವಷ್ಟು ದೂರದಲ್ಲೇ ಅವರ ಮನೆ ಇರಬೇಕು. ಸಂಸಾರಸ್ಥರಿಗೆ ಕಂಪೌಂಡ್ ಗೋಡೆಗೆ ಹತ್ತಿದ ಖೋಲಿಗಳು. ಒಂಟಿಯವರಿಗೆ ಅಂಗಳದಾಚೆ ತಗಡಿನ ಷೆಡ್ಡು. ಆಟ ಬಿಟ್ಟವನು ಖೋಲಿಯನ್ನೂ ಬಿಡಬೇಕು.

ಹತ್ತಿಯ ಸುಗ್ಗಿ ಶುರುವಾದರೆ ಆ ಚಾಳದ ಗಾಳಿಯೆಲ್ಲ ಅರಳೆ. ಅನ್ನದ ಮೇಲೆ, ಹಾಸಿಗೆಯ ಮೇಲೆ, ರೆಪ್ಪೆಗೂದಲ ಮೇಲೆ ಅರಳೆ. ಮುರಿಗೆವ್ವ ಹಳೆಯ ಸೀರೆಯೊಂದನ್ನು ಹಸಿ ಮಾಡಿ ಕಿಟಕಿಗೆ ಕಟ್ಟುತ್ತಿದ್ದಳು. ಸಂಜೆಗೆ ಅದು ಸೀರೆಯಾಗಿ ಉಳಿಯುತ್ತಿರಲಿಲ್ಲ, ಬಿಳಿ ಕಂಬಳಿಯಾಗುತ್ತಿತ್ತು. ಅದನ್ನು ಸುಲಿದು ಎಸೆಯುವಾಗ ಅವಳಿಗೆ ಒಂದೇ ಯೋಚನೆ. ಸೀರೆಗೆ ಇಷ್ಟು ಹತ್ತಿದರೆ ಒಳಗೆ ಎಷ್ಟು ಹೋಗಿರಬೇಕು?

ಪೇಟೆಯ ಡಾಕ್ಟರು ಚನ್ನಿಯ ಎದೆಗೆ ಕಿವಿಗೊಟ್ಟು, "ಔಷಧ ನಾ ಕೊಡತೀನವ್ವಾ, ಗಾಳಿ ಎಲ್ಲಿಂದ ಕೊಡ್ಲಿ? ಮನಿ ಬದಲ ಮಾಡ್ರಿ," ಎಂದಿದ್ದರು. ಅವತ್ತು ಅವಳು ನೇರವಾಗಿ ತಂದೆ ಬಸಲಿಂಗಯ್ಯ ಲೆಕ್ಕ ಬರೆಯುತ್ತಿದ್ದ ಅಡತಿ ಅಂಗಡಿಗೆ ಹೋದಳು. ಅಲ್ಲಿ ಫೋನಿತ್ತು. ಜಿನ್ನಿನ ಮ್ಯಾನೇಜರ್ ಅಮರಪ್ಪನವರನ್ನೇ ಕೇಳಿ, ದೂರ ಇರಲಿಕ್ಕೆ ಪರವಾನಗಿ ಪಡೆಯೋಣವೆಂದು ರಿಸೀವರ್ ಎತ್ತಿದಳು. ಎತ್ತಿದ ಮೇಲೆ ತಿಳಿಯಿತು, ಯಾರ ಹೆಂಡತಿ ಎಂದು ಹೇಳಬೇಕಲ್ಲ! ಗಂಡನ ಹೆಸರನ್ನು ಅವಳು ಮದುವೆಯಲ್ಲಿ, ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಪೀಡಿಸಿದಾಗ, ಒಡಪಿನ ಪದದೊಳಗೆ ಕಟ್ಟಿ ಒಂದೇ ಸಲ ಹೇಳಿದ್ದು. ಆಮೇಲೆ 'ಅವರು', 'ನಮ್ಮನಿಯವರು'. ಕಿವಿಯಲ್ಲಿ ಎಕ್ಸ್‌ಚೇಂಜಿನವನು ನಂಬರು ಕೇಳುತ್ತಿರುವಾಗಲೇ ಅದನ್ನು ತಿರುಗಿ ಇಟ್ಟುಬಿಟ್ಟಳು.

ಅವರು ಎಂದರೆ ಈರಯ್ಯ. ಬಬಲೇಶ್ವರದವನು. ಜೋಳ ಕೊಯ್ದ ಹೊಲದಲ್ಲಿ, ಕಾಲಿಗೆ ಚುಚ್ಚುವ ಕೂಳೆಗಳ ನಡುವೆ, ಬರಿಗಾಲಲ್ಲಿ ಚಿಂದಿಯ ಚೆಂಡು ಒದ್ದು ಆಟ ಕಲಿತವನು. ಕೂಳೆ ತಪ್ಪಿಸಿ ಓಡಿ ಬೆಳೆದ ಕಾಲಿಗೆ ಮನುಷ್ಯರನ್ನು ತಪ್ಪಿಸುವುದು ಏನು ಮಹಾ? ಜಿನ್ನಿನ ಮಾಲಕರು ಒಂದೇ ಆಟ ನೋಡಿ ಕರೆದುಕೊಂಡು ಬಂದರು. ಊರವರು ಮೆರವಣಿಗೆ ಮಾಡುವುದೊಂದು ಬಾಕಿ. ಚೆಂಡು ಒದ್ದರೆ ಸಂಬಳ, ಮೇಲೆ ಖೋಲಿ! ಅದನ್ನು ಕೇಳಿಯೇ ಬಸಲಿಂಗಯ್ಯನವರು ಮಗಳನ್ನು ಕೊಟ್ಟಿದ್ದರು.

ಡಾಕ್ಟರ ಮಾತನ್ನು ಅವಳು ಅಂದೇ ಸಂಜೆ ಗಂಡನ ಮುಂದಿಟ್ಟಳು. "ಅಥಣಿ ರಸ್ತೆದಾಗ ನಮ್ಮಪ್ಪಗ ಗುರುತಿದ್ದವರ ಮನಿ ಖಾಲಿ ಐತ್ರಿ. ಸುತ್ತ ಬೇವಿನ ಗಿಡ. ಗಾಳಿ ಹಿಂಗ ಬೀಸತೈತಿ."

"ಅಲ್ಲಿ ಭೋಂಗಾ ಕೇಳಸ್ತೈತೇನು?"

"ಕೇಳಸೂದಿಲ್ಲ. ಅದಕ್ಕ ಅಲ್ಲಿ ಕೂಸಿನ ಉಸಿರು ಕೇಳಸ್ತೈತಿ. ಸೈಕಲ್ ಮ್ಯಾಲ ಬರಬಹುದಲ್ರಿ ನೀವು?"

"ಪರಸಪ್ಪನೂ ಸೈಕಲ್ ಮ್ಯಾಲನ ಬರತಿದ್ದ," ಎಂದು ಈರಯ್ಯ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಟಿಕೋಟದ ಪರಸಪ್ಪ ಆ ಟೀಮಿನ ಗೋಲ್‌ಕೀಪರ್ ಆಗಿದ್ದವನು. ಅವನು ಖೋಲಿ ಕೇಳಿದಾಗ ಚಾಳದವರು, ಅವನ ಹೆಂಡತಿ ನಮ್ಮ ನಳ ಮುಟ್ಟಿದರೆ ನಾವು ಇರುವುದಿಲ್ಲ ಎಂದಿದ್ದರು. ಮುರಿಗೆವ್ವ ಹಾಗೆ ಅನ್ನಲಿಲ್ಲ. ಅನ್ನಬೇಡಿ ಎಂದೂ ಅನ್ನಲಿಲ್ಲ. "ನಿನಗ ಟಿಕೋಟ ಏನ್ ದೂರ ಆತೋ ಪರಸ್ಯಾ, ಹುಲಿ ಇದ್ದಂಗ ಅದಿ," ಎಂದು ಅಮರಪ್ಪ ಬೆನ್ನು ಚಪ್ಪರಿಸಿ ಕಳಿಸಿದ್ದರು. ಆಮೇಲೊಂದು ದಿನ ಭೋಂಗಾ ಎರಡು ಸಲ ಕೂಗಿತು. ಟಿಕೋಟಕ್ಕೆ ಅದು ಕೇಳುವುದಾದರೂ ಹೇಗೆ? ಅತಿಥಿಗಳ ಮುಂದೆ ಬರಿದಾದ ಗೋಲು. ದೂರ ಇರುವವರು ನಮಗೆ ಬೇಡ ಎಂದು ಅದೇ ಅಮರಪ್ಪ ಅವನನ್ನು ಬಿಡಿಸಿದರು. ಈಗ ಅವನು ಅದೇ ಜಿನ್ನಿನಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದ. ಹಾರಿ ಚೆಂಡು ಹಿಡಿಯುತ್ತಿದ್ದ ಆ ತೋಳುಗಳು ಅದಕ್ಕೂ ಚೆನ್ನಾಗಿ ಒದಗಿದವು.

ಕೂಸನ್ನು ಎತ್ತಿಕೊಂಡು ಅವಳು ತವರಿಗೂ ಹೋಗಿ ನೋಡಿದಳು. ಅಲ್ಲಿ ಚನ್ನಿ ಕೆಮ್ಮು ಮರೆತು ಹಜಾರದ ತುಂಬ ಅಂಬೆಗಾಲಿಟ್ಟಳು. ಇನ್ನೇನು ಎದೆ ಹಗುರಾಯಿತು ಅನ್ನುವಷ್ಟರಲ್ಲಿ ಜಿನ್ನಿನಿಂದ ಆಳು ಬಂದ. ಹೆಂಡತಿ ಇಲ್ಲದವನಿಗೆ ಸಂಸಾರದ ಖೋಲಿ ಯಾಕೆ, ಷೆಡ್ಡಿಗೆ ಹೋಗಲಿ ಎಂದು ಮ್ಯಾನೇಜರ್ ಅನ್ನುತ್ತಿದ್ದಾರಂತೆ. ಈರಯ್ಯ ತಾನು ಬರಲಿಲ್ಲ. ಗೌರಿ ಹುಣ್ಣಿಮೆಗೆ ತಾಯಿ ಕರೆದಾಗ ಬಬಲೇಶ್ವರಕ್ಕೂ ಹೋಗಿರಲಿಲ್ಲ. ಮಿರಜದಲ್ಲಿ ಕಪ್ ಗೆದ್ದವನ ಸೊಕ್ಕು ಎಂದುಕೊಂಡು ಮುರಿಗೆವ್ವ ತಿರುಗಿ ಬಂದಳು. ಅರಳೆಯೂ, ಕೆಮ್ಮೂ ಅವಳನ್ನು ಕಾಯುತ್ತಿದ್ದವು.

ಮಾಘದ ಒಂದು ಮಧ್ಯಾಹ್ನ ಭೋಂಗಾ ಎರಡು ಸಲ ಕೂಗಿತು. ಈರಯ್ಯ ಕೈ ತೊಳೆದು ಹೊರಬಿದ್ದ. ಅವನು ಹೋದದ್ದೇ ತಡ ಚನ್ನಿಗೆ ಕೆಮ್ಮು ಹತ್ತಿತು. ಹತ್ತಿದ್ದು ಬಿಡಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಮುರಿಗೆವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲೇ ಗಂಡನ ಹಿಂದೆ ಓಡಿದಳು. "ಏನ್ರೀ, ನಿಂದರ್ರಿ!" ಜಿನ್ನಿನ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಈರಯ್ಯ ಮುಂದೆ ಹೋಗುತ್ತಿದ್ದ. ಹೋಗುತ್ತಿದ್ದದ್ದು ಹೇಗೆ! ಅಂಗೈಯನ್ನು ಕಂಪೌಂಡ್ ಗೋಡೆಗೆ ಒತ್ತಿ, ಬಲಗಾಲನ್ನು ಗೋಣಿಚೀಲದಂತೆ ಎಳೆಯುತ್ತ. ಗೋಡೆ ಮುಗಿಯುವ ಮೂಲೆಗೆ ಬಂದು ನಿಂತ. ಮುಖ ಒರೆಸಿಕೊಂಡ. ಕೈ ಬಿಟ್ಟ. ಆಮೇಲೆ ಹೋರಿಯ ಹಾಗೆ ಮೈದಾನಕ್ಕೆ ನುಗ್ಗಿದ. ಜನ ಸಿಳ್ಳೆ ಹಾಕಿದರು.

ರಾಜಬಿ ಹಿಂದಿನಿಂದ ಓಡಿಬಂದು ಚನ್ನಿಯನ್ನು ಕಸಿದುಕೊಂಡು ಬೋರಲು ಹಾಕಿ ಬೆನ್ನಿಗೆ ಬಡಿದಳು. ಗಂಟಲಿನಿಂದ ಕಫದ ಗಡ್ಡೆಯೊಂದು ಬಿತ್ತು. ಅದರೊಳಗೆ ಬಿಳಿ ಎಳೆ. ಕೂಸು ಅತ್ತಿತು. "ಅಳತೈತಿ, ಉಳಕೊಂಡೈತಿ ತಗೋ," ಎಂದಳು ರಾಜಬಿ. ಇವತ್ತು ಅವಳೂ ನಗಲಿಲ್ಲ.

ಮುರಿಗೆವ್ವ ನೋಡುತ್ತಿದ್ದದ್ದು ಗೋಡೆಯನ್ನು. ಗೋಡೆಗೆಲ್ಲ ಅರಳೆ ಅಂಟಿ ಬೆಳ್ಳಗಾಗಿತ್ತು. ಗಂಡನ ಸೊಂಟದೆತ್ತರಕ್ಕೆ ಮಾತ್ರ, ಅವರ ಬಾಗಿಲಿನಿಂದ ಮೈದಾನದ ಮೂಲೆಯವರೆಗೂ, ಒಂದು ಪಟ್ಟಿ ಒರೆಸಿದಂತೆ ಕಲ್ಲು ಹೊಳೆಯುತ್ತಿತ್ತು.

ಅಂಡಿಗೆ ಇಳಿಸುತ್ತಿದ್ದ ಪರಸಪ್ಪ ಹತ್ತಿರ ಬಂದು ನಿಂತ. "ಮಿರಜದ ಆಟದಾಗ ಮೊಣಕಾಲು ಹೋತ್ರಿ ಅಕ್ಕಾರ. ಗೋಲಿನ್ಯಾಗ ನಿಂತು ನಾನ ನೋಡೀನಿ, ಟಕ್ ಅಂತು."

"ಎಲ್ಲಾರಿಗೂ ಗೊತ್ತೈತೇನು?"

"ಮ್ಯಾನೇಜರ್ ಸಾಹೇಬರಿಗೆ, ನಿಮಗ, ಇಬ್ಬರಿಗೆ ಅಷ್ಟ ಗೊತ್ತಿದ್ದಿದ್ದಿಲ್ರಿ."

"ನೀವರ ಹೇಳಬಾರದೇನ್ರಿ?"

"ನಾ ಹೇಳಿದ್ರ ಹೊಟ್ಟಿಕಿಚ್ಚ ಅಂತಾರ್ರಿ. ಕಿಚ್ಚ ಐತ್ರಿ, ಸುಳ್ಳ ಹೇಳೂದಿಲ್ಲ. ಆದ್ರ ಆ ಗ್ವಾಡಿ ನೋಡಿದ್ರ ಮನಸ ಬರೂದಿಲ್ಲ." ಅವನು ತಲೆಗೆ ಸಿಂಬಿ ಇಟ್ಟುಕೊಂಡು ಹೋದ.

ಸಂಜೆ ಈರಯ್ಯ ಬಂದು ಎಂದಿನಂತೆ ಮೊಣಕಾಲಿಗೆ ಬಿಸಿ ಎಕ್ಕದ ಎಲೆ ಕಟ್ಟಿಕೊಳ್ಳುವಾಗ ಅವಳು ಬಾಗಿಲು ಮುಂದೆ ಮಾಡಿದಳು. "ಉಳುಕು ಅಂತಿದ್ರಿ."

ಅವನಿಗೆ ಅರ್ಥವಾಯಿತು. ಎಲೆಯ ಮೇಲೆ ಬಟ್ಟೆ ಬಿಗಿದು ಕಟ್ಟಿದ. "ಗ್ವಾಡಿ ಇದ್ರ ನಡೀತೀನಿ. ಮೈದಾನಕ್ಕ ಇಳದ್ರ ನೋವು ಗೊತ್ತಾಗೂದಿಲ್ಲ, ಓಡತೀನಿ. ಅಥಣಿ ರಸ್ತೆದಿಂದ ಸೈಕಲ್ ತುಳದ ಬಂದ್ರ ಗೇಟಿನ್ಯಾಗನ ಎಲ್ಲಾರೂ ನೋಡತಾರ. ಷೆಡ್ಡಿಂದ ಬರೂದಂದ್ರ ಅಂಗಳ ದಾಟಬೇಕು, ಹಿಡಕೊಳ್ಳಾಕ ಏನೂ ಇಲ್ಲ."

"ಅದಕ್ಕ ನಮ್ಮನ್ನ ತವರಿಂದ ಕರಸಿದ್ರಿ."

"ಸೊಲ್ಲಾಪುರದ ಕಪ್ ಒಂದ ಆಗಲಿ, ಮುರಿಗೀ."

"ಅಲ್ಲಿತನಾ ಕೂಸು ಉಸಿರು ಹಿಡಕೊಂಡ ಕುಂದ್ರಬೇಕೇನು? ಇವತ್ತ ಅದರ ತುಟಿ ನೀವು ನೋಡಿಲ್ಲ. ನಿಮ್ಮ ಗ್ವಾಡಿಗೆ ನಾವಿಬ್ಬರೂ ಬಾಡಿಗಿ ಆದ್ವಿ, ಹೌದಲ್ರಿ?"

"ಮತ್ತೇನ್ ಮಾಡ್ಲಿ?" ಈರಯ್ಯ ಕಾಲನ್ನು ಅವಳ ಮುಂದೆ ಚಾಚಿದ. "ಊರಿಗೆ ಹೋಗಿ ಹೊಲದಾಗ ರಂಟಿ ಹೊಡೀಲಿ? ಈ ಕಾಲಿಲೆ? ನನ್ನ ಕಡೆ ಬ್ಯಾರೆ ಏನೈತಿ ಹೇಳು."

ಅವಳಿಗೆ ಅವನ ಮೇಲೆ ಮರುಕ ಬಂತು. ಮರುಕ ಬಂದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮರುದಿನ ಅವಳು ಚನ್ನಿಯನ್ನು ಡಾಕ್ಟರಿಗೆ ತೋರಿಸುವ ನೆವದಿಂದ ಟಾಂಗಾ ಹತ್ತಿ ಪೇಟೆಗೆ ಬಂದಳು. ಡಾಕ್ಟರು ಈ ಸಲ ಮಾತು ಕಡಿಮೆ ಆಡಿದರು. ಅದೇ ಅವಳನ್ನು ಹೆಚ್ಚು ಹೆದರಿಸಿತು. ಅಡತಿ ಅಂಗಡಿಯಲ್ಲಿ ತಂದೆಯ ಗಾದಿಯ ಮೇಲೆ ಕೂಸನ್ನು ಮಲಗಿಸಿ, "ಅಪ್ಪಾ, ಒಂದ ಫೋನ್ ಮಾಡಬೇಕು," ಎಂದಳು. ಯಾರಿಗೆ, ಯಾಕೆ ಎಂಬುದನ್ನೂ ಹೇಳಿದಳು.

ಬಸಲಿಂಗಯ್ಯನವರು ಕನ್ನಡಕ ತೆಗೆದರು. "ಗಂಡನ ಅನ್ನಕ್ಕ ಕಲ್ಲ ಹಾಕತೀಯೇನ ತಂಗೀ? ಖೋಲಿ ಹೋಗತೈತಿ, ಕೆಲಸ ಹೋಗತೈತಿ. ಆಮ್ಯಾಲ ಆತ ನಿನ್ನ ಮಾರಿ ನೋಡ್ಯಾನೇನು?"

"ನೋಡಲಿಕ್ಕಿಲ್ಲ."

"ಮತ್ತ?"

"ಖೋಲಿ ಹೋದ್ರನ ಅವರು ಆ ಗಾಳಿಯಿಂದ ಹೊರಗ ಬರತಾರ, ಕೂಸೂ ಹೊರಗ ಬರತೈತಿ. ನಾ ಅನ್ನ ಅನ್ನೂದಿಲ್ಲಪಾ ಅದಕ್ಕ. ನನ್ನ ಮಗಳು ಅರಳಿ ಉಣ್ಣಾಕತ್ತಾಳ."

ಅವರು ಮತ್ತೆ ಕನ್ನಡಕ ಏರಿಸಿ ಕಿರ್ದಿಯ ಕಡೆ ತಿರುಗಿದರು. ಬೇಡ ಅನ್ನಲಿಲ್ಲ.

ಎಕ್ಸ್‌ಚೇಂಜಿನವನು ನಂಬರು ಕೇಳಿದ. ಹೇಳಿದಳು. ತಂತಿಯೊಳಗೆ ಬಹಳ ಹೊತ್ತು ಗೊರಗೊರ. ಆಮೇಲೆ ಜಿನ್ನಿನ ಸದ್ದು, ಅದರ ಮೇಲೆ ಅಮರಪ್ಪನವರ ದನಿ.

"ಹಲೋ, ಯಾರ್ರಿ?"

"ನಾ... ನಿಮ್ಮ ಟೀಮಿನವರ ಮನಿಯಾಕಿ ಮಾತಾಡಾಕತ್ತೀನ್ರಿ."

"ಯಾವ ಟೀಮಿನವರು? ಹನ್ನೊಂದ ಮಂದಿ ಅದಾರವ್ವಾ. ಹೆಸರ ಹೇಳು."

ಮುರಿಗೆವ್ವ ಗಾದಿಯ ಕಡೆ ನೋಡಿದಳು. ಚನ್ನಿ ಉಸಿರು ಒಳಗೆಳೆದಳು. ಬಿಟ್ಟಳು.

"ಈರಯ್ಯ," ಎಂದಳು. ಒಡಪಿಲ್ಲದೆ ಆ ಹೆಸರು ಕಲ್ಲಿನಂತೆ ಬಾಯಿಂದ ಬಿತ್ತು. "ಅವರ ಬಲಗಾಲು ಹೋಗೇತ್ರಿ. ಆಟಕ್ಕ ಇಳಸಬ್ಯಾಡ್ರಿ. ನನ್ನ ಮಾತ ನಂಬೂದಿಲ್ಲ ಅಂದ್ರ ಹೊರಗ ಹೋಗಿ ನಿಮ್ಮ ಗ್ವಾಡಿ..."

ಅಷ್ಟರಲ್ಲಿ ಫೋನಿನೊಳಗೇ ಭೋಂಗಾ ಕೂಗಿತು. ಅಮರಪ್ಪ "ಏನಂದಿ? ಜೋರಾಗಿ ಹೇಳು!" ಎನ್ನುತ್ತಿದ್ದರು. ಭೋಂಗಾ ನಿಂತು, ಮತ್ತೊಮ್ಮೆ ಕೂಗಿತು. ಅಲ್ಲಿ ಈಗ ಈರಯ್ಯ ಕೈ ತೊಳೆದು ಏಳುತ್ತಿರಬೇಕು, ಗೋಡೆಗೆ ಅಂಗೈ ಒತ್ತುತ್ತಿರಬೇಕು. ಮುರಿಗೆವ್ವ ರಿಸೀವರನ್ನು ಎರಡೂ ಕೈಯಿಂದ ಹಿಡಿದು ಅದು ನಿಲ್ಲುವವರೆಗೂ ಕಾದಳು. ಆಮೇಲೆ ಮೊದಲಿನಿಂದ, ಅಂಗಡಿಯವರೆಲ್ಲ ತಲೆಯೆತ್ತಿ ನೋಡುವಷ್ಟು ಜೋರಾಗಿ, ಗಂಡನ ಹೆಸರು ಹೇಳಿದಳು.