ರೋಗಿಗಿಂತ ಮೊದಲು ಬಂದ ಇಸಿಜಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ಹೊಸೂರಿನ ಅಂಚಿನ ಅವಲಪಲ್ಲಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆಯುವುದು ನನ್ನ ಕೆಲಸ. ಎದೆಯಲ್ಲಿ ಇರುವುದು ಕಾಗದದ ಮೇಲೆ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ನಾನು ನಂಬಿದ್ದು ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ರಿಪೇರಿಗೆ ಹೋಗಿದ್ದ ಯಂತ್ರ ವಾಪಸು ಬಂತು. ಪರೀಕ್ಷಿಸೋಣವೆಂದು ನನಗೇ ತಂತಿಗಳನ್ನು ಹಾಕಿಕೊಂಡು ಮಲಗಿ ಗುಂಡಿ ಒತ್ತಿದೆ. ಹೊರಬಂದ ಪಟ್ಟಿ ನೋಡಿ ಎದ್ದು ಕೂತೆ. ಪ್ರತಿ ಬಡಿತದ ಕೊನೆಗೆ ಮೆಲ್ಲಗೆ ಏರಿ ಇಳಿಯಬೇಕಾದ ಅಲೆ ಡೇರೆಯ ತುದಿಯಂತೆ ಚೂಪಾಗಿ ನಿಂತಿತ್ತು. ಹೃದಯಾಘಾತದ ಪಟ್ಟಿಗಳನ್ನು ಬೇಕಾದಷ್ಟು ನೋಡಿದ್ದೆ, ಇದು ಅದಾಗಿರಲಿಲ್ಲ.

ಡಾಕ್ಟರ್ ಮೇಡಂಗೆ ತೋರಿಸಿದೆ. ಅವರು ಗಾಬರಿಯಾದರು.

"ಯಾರದಮ್ಮಾ ಇದು? ಪೇಷಂಟ್ ಎಲ್ಲಿ?"

"ನಂದೇ ಮೇಡಂ."

"ಹಿಂಗೆ ಬಂದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಅಂತ. ಕಿಡ್ನಿ ಕೈಕೊಟ್ಟಾಗ ಹಿಂಗಾಗುತ್ತೆ. ಕೈಕಾಲು ಸೋತುಹೋಗುತ್ತೆ, ಎದೆನೋವೇ ಇಲ್ದೆ ಹೃದಯ ನಿಂತೋಗುತ್ತೆ. ನೀನು ನೋಡಿದ್ರೆ ಗುಂಡುಕಲ್ಲಿನ ಹಂಗಿದ್ದೀಯ!"

ತಕ್ಷಣ ನನ್ನನ್ನು ಮಲಗಿಸಿ ತಾವೇ ಇನ್ನೊಂದು ತೆಗೆದರು. ಯಾವ ದೋಷವೂ ಇರಲಿಲ್ಲ. ಆಮೇಲೆ ಬಂದ ರಕ್ತಪರೀಕ್ಷೆಯೂ ಸರಿಯಾಗಿಯೇ ಇತ್ತು. "ಮಿಷಿನ್ನು ಒಂದ್ಸಲ ತಪ್ಪು ತೋರ್ಸಿರ್ಬೇಕು, ಬಿಡು" ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಒಂದು ಗಂಟೆ ಕಳೆದಿರಬಹುದು. ಬೇರಿಕೆ ಕಡೆಯಿಂದ ಮುನಿಯಮ್ಮ ಎಂಬ ಹೆಂಗಸು ಸೊಸೆಯ ಹೆಗಲು ಹಿಡಿದು ಬಂದರು. ಗುಲಾಬಿ ಬೆಳೆಯುವವರು. ಸರದಿಯಲ್ಲಿ ಅವರ ಮುಂದೆ ಹತ್ತು ಹನ್ನೆರಡು ಜನರಿದ್ದರು.

"ಕಾಲಲ್ಲಿ ಸತ್ವಾನೇ ಇಲ್ಲ ಕಣವ್ವಾ" ಎಂದರು.

"ಎದೆ ನೋವೈತಾ?"

"ಇಲ್ಲವ್ವಾ. ಮಂಡಿನೋವ್ಗೆ ಅಂಗಡೀಲಿ ಮಾತ್ರೆ ತಕ್ಕಂಡು ನುಂಗ್ತಾ ಇವ್ನಿ, ಅಷ್ಟೇಯ."

"ಎಲ್ಡು ದಿನದಿಂದ ಒಂದಕ್ಕೂ ಸರ್ಯಾಗಿ ಹೋಗಿಲ್ಲ ಕಣಕ್ಕಾ" ಎಂದು ಸೊಸೆ ಸೇರಿಸಿದಳು.

ಬೇರೆ ದಿನವಾಗಿದ್ದರೆ ಬೆಂಚು ತೋರಿಸಿ ಸುಮ್ಮನಾಗುತ್ತಿದ್ದೆ. ಆದರೆ ಮೇಡಂ ಹೇಳಿದ್ದು ಕಿವಿಯಲ್ಲೇ ಇತ್ತು. ಸರದಿ ತಪ್ಪಿಸಿ, ಯಾರನ್ನೂ ಕೇಳದೆ ಒಳಗೆ ಮಲಗಿಸಿ ಇಸಿಜಿ ತೆಗೆದೆ. ಅದೇ ಚೂಪು ಅಲೆಗಳು. ಪಟ್ಟಿ ಹಿಡಿದು ಓಡಿದೆ.

ಮೇಡಂ ನರಕ್ಕೆ ಕ್ಯಾಲ್ಸಿಯಂ ಚುಚ್ಚಿದರು. ಮಾನಿಟರಿನಲ್ಲಿ ಅಲೆಗಳು ಒಂದೊಂದಾಗಿ ತಗ್ಗುವುದನ್ನು ಕಣ್ಣಾರೆ ನೋಡಿದೆ. ಬಳಿಕ ಆಂಬ್ಯುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು. ನೋವಿನ ಮಾತ್ರೆಗಳಿಂದ ಕಿಡ್ನಿ ಕೆಟ್ಟಿತ್ತಂತೆ. ಅಲ್ಲಿ ಡಯಾಲಿಸಿಸ್ ಆಯಿತು, ಮುನಿಯಮ್ಮ ಉಳಿದರು.

ಸಂಜೆ ಮೇಡಂ ಬೆಳಿಗ್ಗೆ ನಾನು ತೆಗೆದುಕೊಂಡಿದ್ದ ಪಟ್ಟಿಯನ್ನೂ ಮುನಿಯಮ್ಮನವರ ಪಟ್ಟಿಯನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಮೊನೆಯೂ ಆಚೀಚೆ ಇರಲಿಲ್ಲ. "ನಂಗೆ ಇದು ಅರ್ಥ ಆಗ್ತಿಲ್ಲಮ್ಮಾ" ಎಂದರು. ಹಳೆಯ ರೋಗಿಯದ್ದೇನಾದರೂ ಯಂತ್ರದಲ್ಲಿ ಉಳಿದಿತ್ತೇ ಎಂದು ರಿಪೇರಿಯವನನ್ನು ಕೇಳಿದೆ. ಏನೂ ಉಳಿದಿರಲಿಲ್ಲವಂತೆ. ಅದೂ ಅಲ್ಲದೆ ಮುನಿಯಮ್ಮ ಆ ದಿನದವರೆಗೆ ಇಸಿಜಿ ತೆಗೆಸಿದವರೇ ಅಲ್ಲ.

ಈಗಲೂ ತಪಾಸಣೆಗೆ ಬಂದಾಗ ಅವರು ನನ್ನ ಕೈ ಹಿಡಿದು, "ನಿನ್ನಿಂದ ಬದುಕ್ದೆ ಕಣವ್ವಾ" ಎನ್ನುತ್ತಾರೆ. ನನಗೆ ಸಂಕೋಚವಾಗುತ್ತದೆ. ಯಾರೋ ಮುಂಚೆಯೇ ತೋರಿಸಿಕೊಟ್ಟಿದ್ದನ್ನು ನಾನು ಗುರುತು ಹಿಡಿದೆ, ಅಷ್ಟೇ. ಅದು ಯಾರೆಂದು ಗೊತ್ತಿದ್ದರೆ ಅವರ ಕೈಯನ್ನು ನಾನೂ ಹೀಗೆಯೇ ಹಿಡಿದುಕೊಳ್ಳುತ್ತಿದ್ದೆ.