ಎಡಗಿವಿಯ ಒಂಟಿ

ಕಳೆದ ವಾರ ಹಿತ್ತಿಲ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ಬಡಿಗನನ್ನು ಕರೆಸಿದ್ದೆ. ಆತ ಕದದ ಅಂಚು ಕೆತ್ತಿ ಕೂಡಿಸಿ, ಹೋಗುವ ಮುಂಚೆ ಹಳೆಯ ಬನಿಯನ್ನಿನ ತುಂಡಿನಿಂದ ಅಗಸಿ ಎಣ್ಣೆ ತಿಕ್ಕಿ ಹೋದ. ಮೂರು ದಿನ ಮನೆ ತುಂಬ ಅದೇ ವಾಸನೆ. ಸೊಸೆ ತಲೆನೋವೆಂದು ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಈ ವಯಸ್ಸಿನಲ್ಲಿ ನೆನಪು ಮಾಡಿಕೊಳ್ಳುವುದೂ ದಣಿವಿನ ಕೆಲಸವೇ. ಬೇಡವೆಂದರೂ ಬನಹಟ್ಟಿಯ ಆ ಮನೆ ಮಗ್ಗದ ಸದ್ದಿನ ಸಮೇತ ಎದುರಿಗೆ ಬಂದು ನಿಂತಿತು...

ಸಂಸ್ಥಾನಗಳು ಹೋಗಿ ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಹೊಸದು. ಮುಧೋಳದವನಾದ ನನಗೆ ಬನಹಟ್ಟಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನೆಂಬ ಹಮ್ಮು ಆಗ ನನಗೆ ಬಹಳ. ಒಬ್ಬ ನೇಕಾರರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದೆ. ಆ ಮನೆಯ ಯಜಮಾನರನ್ನು ನಾನು ಕೊನೆಯತನಕ ಮಾಲಕರು ಎಂದೇ ಕರೆದೆ. ನಾಲ್ವತ್ತರ ಹತ್ತಿರದ ವಯಸ್ಸು, ಮದುವೆ ಯಾಕೋ ಆಗಿರಲಿಲ್ಲ. ಬೆಳಗ್ಗೆ ಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟರೆ ಸಂಜೆಗೇ ಮೇಲೆ ಬರುತ್ತಿದ್ದರು. ಮನೆಯಲ್ಲಿ ಇನ್ನೊಬ್ಬರೆಂದರೆ ಅವರ ತಾಯಿ. ಆಕೆ ಬಾಗಿಲ ಪಕ್ಕ ಕೂತು ಲಾಳಿಗೆ ಬೇಕಾದ ನೂಲನ್ನು ಕಂಡಿಕೆಗಳಿಗೆ ಸುತ್ತುತ್ತಿದ್ದರು. ಅವರನ್ನು ನಾನು ಅವ್ವಾರ ಎನ್ನುತ್ತಿದ್ದೆ.

ಅವ್ವಾರ ಕಣ್ಣು ಮಂಜಾಗುತ್ತ ಬಂದಿತ್ತು. ಇದು ಪೊರೆಯಲ್ಲ, ಒಳಗಿನ ನರವೇ ಒಣಗುತ್ತಿದೆ, ಹೆಚ್ಚೆಂದರೆ ಒಂದೆರಡು ವರ್ಷ ಕಂಡೀತು ಎಂದು ಡಾಕ್ಟರು ಹೇಳಿದ್ದರಂತೆ. ಆಕೆಗೆ ಕಣ್ಣು ಹೋಗುವುದರ ಚಿಂತೆಗಿಂತ ಬೇರೊಂದು ಚಿಂತೆಯಿತ್ತು. ಗಂಡ ಪ್ಲೇಗಿನಲ್ಲಿ ಹೋದಾಗ ಆಕೆಗೆ ಇಪ್ಪತ್ತು ತುಂಬಿರಲಿಲ್ಲ, ಮಾಲಕರಿಗೆ ಮೂರು ವರ್ಷ, ಮುಂದೆ ಗಂಡನ ಮನೆ ಸೇರಿದ ಅವರ ತಂಗಿ ಇನ್ನೂ ಹೊಟ್ಟೆಯಲ್ಲಿ. ಒಂದು ಫೋಟೋ ಇಲ್ಲ. ಇಷ್ಟು ವರ್ಷ ಕಣ್ಣಿಗೆ ಕಟ್ಟಿದಂತಿದ್ದ ಮುಖ ಈಗೀಗ ಇಡಿಯಾಗಿ ನೆನಪಿಗೆ ಬರುತ್ತಿಲ್ಲ, ಹುಬ್ಬು, ಮೂಗು ಬಿಡಿಬಿಡಿಯಾಗಿ ಮಾತ್ರ ಬರುತ್ತವೆ ಎಂದು ಆಕೆ ಒಂದು ದಿನ ಅತ್ತುಬಿಟ್ಟರು. ಕಣ್ಣು ಮುಚ್ಚಿಹೋಗುವ ಮುಂಚೆ ಒಮ್ಮೆ ಆ ಮುಖ ನೋಡಬೇಕು, ನೋಡಿ ಹೌದು ಅನ್ನಬೇಕು... ಆಕೆ ಕೇಳಿದ್ದು ಇಷ್ಟೇ.

ಮಾಲಕರು ಜಮಖಂಡಿಯ ದೊಡ್ಡವರೊಬ್ಬರ ವಾಡೆಗೆ ಪತ್ತಲ ಸೀರೆ ಮಾರಲು ಹೋದಾಗ ಗೋಡೆಯ ಮೇಲೆ ಯಾರೋ ಹಿರಿಯರ ಚಿತ್ರ ನೋಡಿದ್ದರು. ಇದು ಎಣ್ಣೆ ಬಣ್ಣದ್ದು, ನೂರು ವರ್ಷ ಇರುತ್ತದೆ ಎಂದು ಅಲ್ಲಿಯ ಆಳು ಹೇಳಿದ್ದ. ಆ ಹೆಸರೊಂದೇ ಅವರ ಕಲಿಕೆ. ಪತ್ತಲದ ಸೆರಗಿಗೆ ನಕಾಶೆ ಬರೆದ ಕೈ ಅವರದು, ಗೆರೆ ಸರಾಗವಾಗಿ ಬರುತ್ತಿತ್ತು. ತಾಯಿ ಹೇಳುತ್ತ ಹೋದರೆ ಬರೆದುಬಿಡಬಲ್ಲೆ ಎಂಬ ಧೈರ್ಯವಿತ್ತು. ಒಂದು ಸಂಜೆ ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತು ಕೇಳಿದರು.

“ಮಾಸ್ತರ, ಎಣ್ಣಿ ಬಣ್ಣ ಅಂತಾರಲ್ಲ, ಅದಕ್ಕ ಯಾವ ಎಣ್ಣಿ ಹಾಕ್ತಾರ್ರೀ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಓದಿದವರೆಂದು ನನ್ನನ್ನು ಕೇಳಲು ಬಂದಿದ್ದಾರೆ, ಒಲೆಯ ಮೇಲೆ ನನ್ನ ಒಗ್ಗರಣೆ ಚಟಪಟ ಎನ್ನುತ್ತಿದೆ, ಪಕ್ಕದಲ್ಲೇ ಎಣ್ಣೆಯ ಬಾಟಲಿ ಇದೆ.

“ಶೇಂಗಾ ಎಣ್ಣಿರೀ. ಅದ ಎಲ್ಲಾದಕ್ಕೂ ಛಲೋ,” ಅಂದೆ.

ಮಗ್ಗಕ್ಕೆ ಅಮಾವಾಸ್ಯೆಗೊಮ್ಮೆ ಬಿಡುವು. ಉಳಿದ ದಿನಗಳಲ್ಲಿ ಅವರಿಗೆ ಕುಂಚ ಹಿಡಿಯಲು ಬೆಳಕೂ ಉಳಿಯುತ್ತಿರಲಿಲ್ಲ, ಬೆನ್ನಿನಲ್ಲಿ ತ್ರಾಣವೂ ಉಳಿಯುತ್ತಿರಲಿಲ್ಲ. ಹಾಗಾಗಿ ಚಿತ್ರಕ್ಕೆ ಸಿಗುವುದು ವರ್ಷಕ್ಕೆ ಹನ್ನೆರಡು ಹದಿಮೂರು ಹಗಲು. ಪೇಟೆಯ ಬಿಳಿ ಪುಡಿ, ಕೆಮ್ಮಣ್ಣು, ದೀಪದ ಕಾಡಿಗೆ ಎಲ್ಲವನ್ನೂ ಶೇಂಗಾ ಎಣ್ಣೆಯಲ್ಲಿ ಅರೆದು, ತಾವೇ ನೇಯ್ದ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಶುರು ಮಾಡಿದರು. ತಾಯಿ ಎದುರಿಗೆ ಕೂತು ಹುಬ್ಬು ಹೀಗೆ, ಗದ್ದ ಹಾಗೆ ಎಂದು ಹೇಳುತ್ತಿದ್ದರು. ಒಂದು ಅಮಾವಾಸ್ಯೆ ಹಣೆ, ಇನ್ನೊಂದಕ್ಕೆ ಮೂಗು. ಮುಂದಿನ ಅಮಾವಾಸ್ಯೆಗೆ ಮುಟ್ಟಿ ನೋಡಿದರೆ ಬಣ್ಣ ಬೆರಳಿಗೆ ಹತ್ತುತ್ತಿತ್ತು. ಒಣಗುತ್ತದೆ, ತಡೀರಿ ಎಂದು ನಾನೂ ತಲೆಯಾಡಿಸುತ್ತಿದ್ದೆ. ನನ್ನ ಮಾತಿಗೆ ನಾನೇ ಸಾಕ್ಷಿ!

ಅದು ಒಣಗಲಿಲ್ಲ. ನೇಕಾರರ ಮನೆಯೆಂದರೆ ಹತ್ತಿಯ ಎಳೆ ಗಾಳಿಯಲ್ಲಿ ಸದಾ ಹಾರಾಡುವ ಜಾಗ. ಹತ್ತು ತಿಂಗಳಾಗುವಷ್ಟರಲ್ಲಿ ಅದೆಲ್ಲ ಬಂದು ಹಸಿ ಬಣ್ಣಕ್ಕೆ ಕೂತು, ಚಿತ್ರದ ಗಲ್ಲ, ಗದ್ದ, ಮೀಸೆ ಎಲ್ಲದರ ಮೇಲೂ ಬೆಳ್ಳಗೆ ಬೆಳೆದುಬಿಟ್ಟಿತು. ಅವ್ವಾರು ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿಸಿಕೊಂಡು, ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದರು.

“ನಿಮ್ಮಪ್ಪಗ ಬಿಳಿ ಗಡ್ಡ ಎಲ್ಲಿಂದ ಬಂತೋ ಯಪ್ಪಾ? ಅಷ್ಟ ವರ್ಷ ಎಲ್ಲಿ ಬದುಕಿದ್ದ ಅಂವ?”

ನಾವು ಮೂವರೂ ನಕ್ಕೆವು. ಆಮೇಲೆ ಮಾಲಕರು ಚೌಕಟ್ಟನ್ನು ಗೋಡೆಗೆ ತಿರುಗಿಸಿಟ್ಟು, ನಾನೇ ಎಲ್ಲೋ ತಪ್ಪು ಮಾಡಿರಬೇಕು ಮಾಸ್ತರ, ಅರೆಯುವುದು ಕಡಿಮೆಯಾಗಿರಬೇಕು ಎಂದರು. ನನ್ನ ಬಾಯಿಗೆ ಮಾತು ಬಂದಿತ್ತು. ಹೇಳಲಿಲ್ಲ. ಆ ಹತ್ತು ತಿಂಗಳು ಅವ್ವಾರಿಗೆ ಒಳ್ಳೆಯ ಕಣ್ಣಿದ್ದ ಕೊನೆಯ ಹತ್ತು ತಿಂಗಳು ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಎರಡನೆಯ ಸಲ ಮಾಲಕರು ಯಾರನ್ನೂ ಕೇಳಲಿಲ್ಲ. ಕುಸುಬಿ ಎಣ್ಣೆ ಹಾಕಿದರು. ಅದು ನಿಧಾನಕ್ಕಾದರೂ ಒಣಗಿತು. ಆದರೆ ಈ ಸಲ ತಪ್ಪಿದ್ದು ಅವರೊಳಗಿನ ನೇಕಾರ. ಹಾಸಿನ ನೂಲಿಗೆ ಗಂಜಿ ಉಣಿಸಿಯೇ ಮಗ್ಗಕ್ಕೆ ಏರಿಸುವ ರೂಢಿ ಅವರದು. ಚಿತ್ರದ ಬಟ್ಟೆ ಬಿಗಿಯಾಗಲೆಂದು ಅದಕ್ಕೂ ಜೋಳದ ಗಂಜಿಯನ್ನು ದಪ್ಪಗೆ ಎರಡು ಕೈ ಬಳಿದಿದ್ದರು. ಶ್ರಾವಣದ ಜಿಟಿಜಿಟಿ ಹತ್ತಿತು. ಗಂಜಿ ಹುಳಿತು ಉಬ್ಬಿ, ಬಣ್ಣ ಹಪ್ಪಳದಂತೆ ಎದ್ದು, ಒಂದು ಮುಂಜಾನೆ ನೋಡಿದರೆ ಮೂಗು ನೆಲದ ಮೇಲಿತ್ತು. ಮಾಲಕರು ಆ ಚೂರುಗಳನ್ನು ಬಾಚಿ ಎಸೆದು ಮಗ್ಗಕ್ಕೆ ಇಳಿದರು.

ಸರಿಯಾದ ಎಣ್ಣೆಯನ್ನು ಕಂಡುಹಿಡಿದವರು ಅವ್ವಾರು. ಆ ಹೊತ್ತಿಗೆ ಆಕೆಗೆ ಬಾಗಿಲು ಯಾವ ಕಡೆ ಎಂಬಷ್ಟೇ ಬೆಳಕು ಉಳಿದಿತ್ತು. ಅಡುಗೆ ಮನೆಯ ಮಾಡದಲ್ಲಿ ತಡಕಾಡುವಾಗ, ಬಾಗಿಲಿಗೆ ತಿಕ್ಕಲು ತಂದಿದ್ದ ಅಗಸಿ ಎಣ್ಣೆಯ ಬಾಟಲಿ ಕೈಗೆ ಸಿಕ್ಕಿತು. ಅದರ ಬಿರಡೆ ತಿರುವಲು ಬರಲಿಲ್ಲ. ಕತ್ತಿನ ಸುತ್ತ ಸೋರಿದ ಎಣ್ಣೆ ತೊಗಲಿನಂತೆ ಗಟ್ಟಿಯಾಗಿ ಕೂತಿತ್ತು. ಪಕ್ಕದ ಶೇಂಗಾ ಎಣ್ಣೆಯ ಬಾಟಲಿ ಮುಟ್ಟಿದರೆ ಜಿಡ್ಡು ಜಾರುತ್ತಿತ್ತು. ಆಕೆ ಎರಡೂ ಬಾಟಲಿ ಹಿಡಿದು ಮಗ್ಗದ ಕಡೆ ಬಂದು, ಮಗನ ಕೈಯನ್ನು ತಾವೇ ಹಿಡಿದು ಒಂದಾದ ಮೇಲೊಂದು ಮುಟ್ಟಿಸಿದರು. ನಾನು ಸಾಲೆಗೆ ಹೊರಟವನು ಅಲ್ಲೇ ನಿಂತಿದ್ದೆ. ಮಾಲಕರು ನನ್ನ ಕಡೆ ನೋಡಿದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೂರನೆಯ ಚಿತ್ರ ಕೂತಿತು. ಗಂಜಿಯ ಬದಲು ತೆಳ್ಳಗೆ ಸರೇಸಿನ ಅಂಟು ಬಳಿದಿದ್ದರು, ಅಗಸಿ ಎಣ್ಣೆಯಲ್ಲಿ ಅರೆದ ಬಣ್ಣ ಹದಿನೈದು ದಿನಕ್ಕೇ ಒಣಗಿ ಕೈಗೆ ಹತ್ತದಾಯಿತು. ಐದು ಅಮಾವಾಸ್ಯೆಗಳಲ್ಲಿ ಮುಖ ಮುಗಿಯಿತು. ತಲೆಗೆ ಸುತ್ತಿದ ಪಟಗದ ಕೆಳಗೆ ಅಗಲ ಹಣೆ, ಸ್ವಲ್ಪ ಬಾಗಿದ ಮೂಗು, ಈಗಷ್ಟೇ ಮೀಸೆ ದಪ್ಪಗಾದ ಹುಡುಗುಮುಖ. ಮಗನಿಗಿಂತ ಸಣ್ಣ ವಯಸ್ಸಿನ ಅಪ್ಪ... ಅಷ್ಟರಲ್ಲಿ ಅವ್ವಾರಿಗೆ ಬಾಗಿಲೂ ಒಂದೇ, ಗೋಡೆಯೂ ಒಂದೇ ಆಗಿತ್ತು.

ಕೊನೆಯ ಅಮಾವಾಸ್ಯೆಯ ಮಧ್ಯಾಹ್ನ ಆಕೆ ನನ್ನನ್ನು ಕರೆಸಿದರು. ಮಗನನ್ನು ಕೇಳಿದರೆ ತಾಯಿಯ ಸಮಾಧಾನಕ್ಕೆ ಏನಾದರೂ ಹೇಳಿಯಾನು ಎಂಬ ಅನುಮಾನ ಆಕೆಗೆ.

“ಮಾಸ್ತರ, ನೀವು ಓದಿದಾವ್ರು, ಸುಳ್ಳ ಹೇಳೂದಿಲ್ಲ. ನೋಡಿ ಹೇಳ್ರಿ, ಹ್ಯಾಂಗದಾನ?”

ಚಿತ್ರದ ಮುಂದೆ ನಿಂತು ಒಂದೊಂದೇ ಹೇಳಿದೆ. ಹಣೆ ಹೇಳಿದೆ, ಹುಬ್ಬು ಹೇಳಿದೆ, ಮೂಗು ಯಾವ ಕಡೆ ಬಾಗಿದೆ ಎಂದು ಹೇಳಿದೆ. ಆಕೆ ಕಂಡಿಕೆ ಬದಿಗಿಟ್ಟು ಕೇಳುತ್ತಿದ್ದರು. ಆಮೇಲೆ ಅದುವರೆಗೆ ಎಂದೂ ಹೇಳದ ಒಂದನ್ನು ಕೇಳಿದರು.

“ಎಡಗಿವ್ಯಾಗ ಒಂಟಿ ಐತೇನ್ರೀ?”

ಇರಲಿಲ್ಲ. ಎರಡೂವರೆ ವರ್ಷದಲ್ಲಿ ಆ ಕಿವಿಯ ಆಭರಣದ ಮಾತು ಆಕೆಯ ಬಾಯಲ್ಲಿ ಬಂದಿರಲಿಲ್ಲ, ಆಗಷ್ಟೇ ನೆನಪಾಗಿತ್ತೇನೋ. ಮಾಲಕರು ನನ್ನನ್ನೇ ನೋಡುತ್ತಿದ್ದರು.

“ಐತ್ರೀ, ಅವ್ವಾರ.”

“ಹಂಗಾರ ಅಂವನ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕಂಡಿಕೆ ಸುತ್ತತೊಡಗಿದರು. ಮಾಲಕರು ನನ್ನ ಹಿಂದೆಯೇ ಕೋಣೆಗೆ ಬಂದರು. ಐತಿ ಅಂತ ಹೇಳಿಬಿಟ್ಟಿರಿ, ಈಗ ಅದು ಅಲ್ಲಿ ಇರಲೇಬೇಕು ಎಂದರು. ಆದರೆ ಅಗಸಿ ಎಣ್ಣೆ ತೀರಿತ್ತು. ಹೊಸದು ತರಿಸಿದರೂ ಕುಂಚ ಹಿಡಿಯಲು ಇನ್ನೊಂದು ತಿಂಗಳು ಕಾಯಬೇಕು, ಅಷ್ಟು ದಿನ ತಾಯಿಗೆ ಹೇಳಿದ್ದು ಸುಳ್ಳಾಗಿ ಉಳಿಯುವುದು ಅವರಿಗೆ ಬೇಡವಾಗಿತ್ತು. ನನ್ನ ಒಲೆಯ ಪಕ್ಕದ ಬಾಟಲಿಯನ್ನು ಅವರು ಕೇಳಲಿಲ್ಲ, ನಾನೇ ತೆಗೆದು ಕೊಟ್ಟೆ. ಒಂದು ಹನಿಗೇನಾಗುತ್ತದೆ ಎಂದೆ. ಅವರು ಹಳದಿ ಪುಡಿಯನ್ನು ಅದರಲ್ಲಿ ಕಲೆಸಿ, ಹೊತ್ತು ಮುಳುಗುವ ಮುಂಚೆ ಕಿವಿಗೆ ಒಂಟಿ ಇಟ್ಟರು.

ಮುಂದಿನ ವರ್ಷ ನನಗೆ ಬೀಳಗಿಗೆ ವರ್ಗವಾಯಿತು. ಅವ್ವಾರು ತೀರಿದ ಸುದ್ದಿ ಅಲ್ಲಿಗೆ ಬಂತು, ಸಾಲೆಯ ಪರೀಕ್ಷೆ ಎಂದು ಹೋಗಲಿಲ್ಲ. ಮಾಲಕರಿಗೆ ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೆ. ನನಗೆ ಆವತ್ತು ಗೊತ್ತಿರಲಿಲ್ಲ ಮಾಲಕರೇ, ಸುಮ್ಮನೆ ಹೇಳಿಬಿಟ್ಟೆ ಎಂದು ಬರೆದರೆ ಸಾಕಿತ್ತು. ಸಂಸಾರ, ನೌಕರಿ, ಮಕ್ಕಳು... ಬರೆಯಲೇ ಇಲ್ಲ.

ನಾನು ಮತ್ತೆ ಆ ಮನೆಗೆ ಹೋಗುವ ಹೊತ್ತಿಗೆ ಮಾಲಕರು ತೀರಿಹೋಗಿ ಎರಡು ತಿಂಗಳಾಗಿತ್ತು. ಅವರ ಅಳಿಯ, ತಂಗಿಯ ಮಗ, ಕೈಮಗ್ಗ ತೆಗೆದು ವಿದ್ಯುತ್ ಮಗ್ಗ ಹಾಕಿದ್ದ. ಆ ಗದ್ದಲದಲ್ಲಿ ನಾನು ಯಾರೆಂದು ಎರಡು ಸಲ ಕೂಗಿ ಹೇಳಬೇಕಾಯಿತು. ಚಿತ್ರ ಅದೇ ಗೋಡೆಯ ಮೇಲಿತ್ತು. ದಿನಾ ಧೂಳು ಒರೆಸುತ್ತೇವೆ, ಬಣ್ಣ ಸ್ವಲ್ಪವೂ ಮಾಸಿಲ್ಲ, ಆ ಕಿವಿಯ ಹತ್ತಿರದ್ದೊಂದು ಮಾತ್ರ ಏನು ಮಾಡಿದರೂ ಹೋಗುವುದಿಲ್ಲ ಎಂದ ಆ ಅಳಿಯ. ಹತ್ತಿರ ಹೋಗಿ ನೋಡಿದೆ. ಒಂಟಿ ಇದ್ದ ಕಡೆ ಬೂದು ಬಣ್ಣದ ಹತ್ತಿಯ ಸಣ್ಣ ಗಂಟು. ಒರೆಸಿದಷ್ಟೂ ಅಂಟಿಗೆ ಹೊಸ ಎಳೆ ಬಂದು ಕೂರುತ್ತಿತ್ತಂತೆ. ಮಾಮಾ ಇರುವತನಕ ಅದನ್ನು ಕೆರೆಯಲು ಬಿಟ್ಟಿರಲಿಲ್ಲವಂತೆ. ಇದು ಯಾಕೆ ಹೀಗಾಯಿತು ನಿಮಗೇನಾದರೂ ಗೊತ್ತೇ ಎಂದು ಆತ ಕೇಳಿದ.

ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ.

ಹಿತ್ತಿಲ ಕದ ನಿನ್ನೆಗೆ ಪೂರ್ತಿ ಒಣಗಿದೆ, ವಾಸನೆಯೂ ಹೋಗಿದೆ. ಸೊಸೆ ಕಿಟಕಿಗಳನ್ನು ಮುಚ್ಚಿದಳು. ಸಂಜೆ ಹೋಗಿ ಕದವನ್ನು ಒಮ್ಮೆ ಮುಟ್ಟಿ ನೋಡಿ ಬಂದೆ. ಕೈಗೆ ಏನೂ ಹತ್ತಲಿಲ್ಲ.